ಸೋಲಲೊಲ್ಲದ ಡೈನೋಸಾರ್

ದಾಳ ಉರುಳಿಸಿ ಬೇಟೆಗೆ ಹೋಗುವ ನಮ್ಮ ಆಟಕ್ಕೆ ಮಾಂಸ ತಿನ್ನುವ ಡೈನೋಸಾರ್‌ಗಳನ್ನು ಮಣ್ಣಲ್ಲಿ ಮಾಡಿದವನು ನಾನೇ. ಅಂಥವು ಸುತ್ತ ಹತ್ತೂರಲ್ಲಿ ಸಿಗಲಿಕ್ಕಿಲ್ಲ. ಅವುಗಳಲ್ಲಿ ದೊಡ್ಡದು ದಾಳಕ್ಕೆ ಹೇಳಿತು, “ಯಾವ ಅಂಕ ಬಿದ್ದರೂ ನಾನೇ ಗೆಲ್ಲಬೇಕು.”

“ಆಗಲಿ ಧಣಿ,” ಎಂದಿತು ದಾಳ.

ಆಮೇಲೆ, ಸೋಲದ ಪ್ರಾಣಿಯ ಜೊತೆ ಆಡುವುದೇನೆಂದು, ಆಟದ ಹಲಗೆಯ ಮೇಲಿನ ಅದರ ಕಾಡಿಗೆ ಯಾವ ಆಟಗಾರನೂ ಕಾಲಿಡಲಿಲ್ಲ. ಅದು ಡಬ್ಬಿಯಲ್ಲೇ ಉಳಿಯಿತು. ಬೆನ್ನ ಹಿಂದೆ ಬಂದವರನ್ನು ಕಾಣದ ಸಣ್ಣ ಡೈನೋಸಾರ್ ಮಾತ್ರ ದಿನವೂ ಹಲಗೆಗೆ ಇಳಿಯುತ್ತಿತ್ತು.

“ಏನೋ ಮರಿ, ಸೋತು ಸೋತು ನಾಚಿಕೆಯಾಗಲ್ವಾ?” ಎಂದಿತು ದೊಡ್ಡದು.

“ನಿನ್ನೆ ಇಬ್ಬರನ್ನು ತಿಂದೆ, ದೊಡ್ಡಣ್ಣ. ನೀನು ಯಾರನ್ನು ತಿಂದೆ?”

ದೊಡ್ಡದು ಡಬ್ಬಿಯಿಂದ ತಲೆ ಹೊರಹಾಕಿತು. ಆಮೇಲೆ ದಾಳವನ್ನು ಕರೆದು, “ಆರು ಬಿದ್ದರೆ ನನ್ನ ಕಾಲು ಜಾರಲಿ,” ಎಂದಿತು.

ಸುದ್ದಿ ತಿಳಿದ ನನ್ನ ಆಟದ ಗೆಳೆಯರು ಆ ಸಂಜೆಯೇ ಅದನ್ನು ಹಲಗೆಗೆ ಇಳಿಸಿದರು. ಆರು ಬಿತ್ತು, ಅದು ಸತ್ತಿತು. ಮರುದಿನ ಎಲ್ಲರೂ ಆಟಕ್ಕೆ ಮೊದಲು ಕೇಳಿದ್ದು ಆ ದೊಡ್ಡದನ್ನೇ.