ಪೇಟ ಬಿಚ್ಚುವ ಕಿಣ್ವ

ತಿಪ್ಪೆಯಲ್ಲಿದ್ದ ಒಂದು ಬ್ಯಾಕ್ಟೀರಿಯಾ ತನ್ನ ಬಾಗಿಲಿಗೆ ಕಿಣ್ವವೊಂದನ್ನು ಕಾವಲಿಟ್ಟಿತ್ತು. ಹುಲ್ಲಿನ ಸಕ್ಕರೆಗಳು ಅಸಿಟೈಲ್ ಎಂಬ ಪೇಟ ಸುತ್ತಿಕೊಂಡೇ ಬರುತ್ತಿದ್ದವು. ಅದನ್ನು ಬಿಚ್ಚದಿದ್ದರೆ ಯಜಮಾನನಿಗೆ ಊಟವಿಲ್ಲ; ಬಿಚ್ಚುವುದೇ ಕಿಣ್ವದ ಕೆಲಸ.

ಒಮ್ಮೆ ಪಕ್ಕದ ಬೂಷ್ಟು ಕಳಿಸಿದ ಆ್ಯಂಟಿಬಯಾಟಿಕ್ ಬಂತು. ಅದರ ತಲೆಯ ಮೇಲೂ ಅದೇ ಪೇಟ. ಕಿಣ್ವ ಅದಕ್ಕೂ ಕೈ ಹಾಕಿತು.

“ಕೈ ತೆಗೆಯಯ್ಯಾ. ನಾನು ಹುಲ್ಲಲ್ಲ, ನಿನ್ನ ಯಜಮಾನನನ್ನು ಕೊಲ್ಲಲು ಬಂದವನು.”

“ಬಂದವರೆಲ್ಲ ಏನೋ ಒಂದು ಹೇಳುತ್ತಾರೆ ಸ್ವಾಮಿ. ತಲೆ ಬಗ್ಗಿಸಿ,” ಎಂದು ಕಿಣ್ವ ಪೇಟ ಬಿಚ್ಚಿತು. ಅದರ ಜೊತೆಗೇ ಆ್ಯಂಟಿಬಯಾಟಿಕ್‌ನ ಕಸುವೂ ಇಳಿಯಿತು. ಬಂದ ದಾರಿಗೆ ಸುಂಕವಿಲ್ಲವೆಂದು ಅದು ತೆಪ್ಪಗೆ ಹಿಂತಿರುಗಿತು.

ಒಳಗೆ ನಡುಗುತ್ತಿದ್ದ ಬ್ಯಾಕ್ಟೀರಿಯಾ ಹೊರಬಂದು, “ಶತ್ರುವಿಗೆ ಎದೆಗೊಟ್ಟು ನಿಂತೆಯಲ್ಲ, ನೀನೇ ವೀರ,” ಎಂದಿತು.

“ಶತ್ರುವೇ? ಯಾವುದೋ ಹೊಸ ಹುಲ್ಲು ಅಂದುಕೊಂಡೆ.”

“ಅದನ್ನು ಹೊರಗೆ ಹೇಳಬೇಡ,” ಎಂದಿತು ಬ್ಯಾಕ್ಟೀರಿಯಾ. “ಮುಂದೆ ಬರುವವರು ಹೆದರಬೇಕು.”