ಹುಲ್ಲಿಗೆ ಬಾಡಿಗೆ ಕೇಳಿದ ಸಾಹೇಬರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ನೀವೇ ಬೋಳಿಸಿ.

ನಮ್ಮೂರ ಬಯಲಿಗೆ ಸೌರ ವಿದ್ಯುತ್ ಘಟಕ ಬಂತು. ಅದರ ಮ್ಯಾನೇಜರ್ ಸಾಹೇಬರು ಊರಿನ ಒಬ್ಬರಿಗೂ ಕೆಲಸ ಕೊಡಲಿಲ್ಲ. ಕುರಿ ಕಾಯುವ ನಮ್ಮ ಅತ್ತಿಗೆ ಮಾಳವ್ವನಿಗಂತೂ, "ಇಲ್ಲಿ ಮೇಯಿಸಬೇಕಾದರೆ ಬಾಡಿಗೆ ಕಟ್ಟು" ಎಂದರು.

"ಅಷ್ಟು ತುಟ್ಟಿ ಹುಲ್ಲು ನಮ್ಮ ಕುರಿಗೆ ದಕ್ಕಂಗಿಲ್ಲ ಬಿಡ್ರಿ" ಎಂದು ಅತ್ತಿಗೆ ಹಿಂಡು ಹೊಡೆದುಕೊಂಡು ಹೋದಳು.

ಮಳೆ ಬಂತು. ಹುಲ್ಲು ಬೆಳೆದು ಫಲಕಗಳನ್ನೇ ಮುಚ್ಚಿತು, ಕರೆಂಟು ಇಳಿಯಿತು. ಯಂತ್ರದಿಂದ ಕೊಯ್ಯಿಸಿದರೆ ಕಲ್ಲು ಸಿಡಿದು ಗಾಜು ಒಡೆಯಿತು. ಕೊನೆಗೆ ಸಾಹೇಬರ ಜೀಪೇ ಹುಲ್ಲಿನಲ್ಲಿ ಕಳೆದುಹೋಯಿತು. ಅವರು ಅತ್ತಿಗೆಯ ಮನೆಗೆ ನಡೆದುಕೊಂಡೇ ಬಂದರು.

"ಮಾಳವ್ವಾ, ಬಾಡಿಗೆ ಬೇಡ. ಕುರಿ ಹೊಡ್ಕೊಂಡು ಬಾ."

"ಹೊಲದಾಗ ಕುರಿ ನಿಲ್ಲಿಸಿದ್ರ ಗೊಬ್ಬರ ಬೀಳ್ತದ. ಅದಕ್ಕ ಹೊಲದವರೇ ನಮಗ ಜೋಳ ಕೊಡೋದು ಇಲ್ಲಿ ಪದ್ಧತಿ ರೀ."

"ನಾನೆಲ್ಲಿಂದ ಜೋಳ ತರಲಿ?"

"ಬ್ಯಾಡ್ರಿ. ಆ ಗಾಜು ತೊಳೆಯೋ ಕೆಲಸ ನಮ್ಮೂರ ಹೆಣ್ಮಕ್ಕಳಿಗೆ ಕೊಡ್ರಿ. ಜೋಳ ನಾವೇ ಕೊಂಡು ತಿಂತೀವಿ."

ಈಗ ಊರಿನ ಅರ್ಧ ಮನೆಗಳಿಗೆ ಸೂರ್ಯನೇ ಸಂಬಳ ಕೊಡುತ್ತಾನೆ.

ಮೀಸೆ ಮುಟ್ಟಬೇಡಿ, ಒಂದು ಸಣ್ಣ ಸುಳ್ಳು ಸೇರಿಕೊಂಡಿದೆ. ಸಾಹೇಬರು ನಡೆದುಕೊಂಡು ಬರಲಿಲ್ಲ. ಹಿಂದಿನಿಂದ ಅತ್ತಿಗೆಯ ಟಗರು ಗುದ್ದುತ್ತಿತ್ತು, ಓಡಿಕೊಂಡೇ ಬಂದರು.