ಊರೆಲ್ಲ ಕರೆದ ಗೀಜಗ

ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಒಂದು ಗಂಡು ಗೀಜಗ ಅರ್ಧ ಗೂಡು ಹೆಣೆದಿತ್ತು. ಹೆಣ್ಣು ಬಂದು ನೋಡಿ ಒಪ್ಪಿದ ಮೇಲೆಯೇ ಉಳಿದರ್ಧ ಹೆಣೆಯುವುದು ಗೀಜಗಗಳ ಪದ್ಧತಿ. ಎರಡು ದಿನ ಕಾದರೂ ಯಾರೂ ಬರಲಿಲ್ಲ.

“ಇಲ್ಲೇ ಕೂತರೆ ಯಾರಿಗೆ ತಿಳಿಯುತ್ತದೆ? ನಾನೇ ಹೋಗಿ ಸಾರಿ ಬರುತ್ತೇನೆ,” ಎಂದಿತು ಗೀಜಗ.

ಅದೇ ಮರದಲ್ಲಿದ್ದ ಓತಿಕ್ಯಾತ, “ಸಾರು, ಬೇಡವೆನ್ನುವುದಿಲ್ಲ. ಆದರೆ ಬಾಗಿಲು ಬಿಟ್ಟು ದೂರ ಹೋಗಬೇಡ,” ಎಂದಿತು.

ಗೀಜಗ ಕೇಳಲಿಲ್ಲ. ತಂತಿಕಂಬದ ಮೇಲೆ, ಕೆರೆಯಾಚೆಯ ಕಬ್ಬಿನ ಗದ್ದೆಯಲ್ಲಿ ಕೂತು, “ನನ್ನ ಗೂಡು ನೋಡಬನ್ನಿ!” ಎಂದು ಗಂಟಲು ಹರಿದುಕೊಂಡು ಕೂಗಿತು. ಹೊರಟ ನಾಲ್ಕನೆಯ ದಿನ ಒಂದು ದೊಡ್ಡ ಹಿಂಡನ್ನೇ ಕರೆತಂದಿತು. ಹಿಂಡು ಗೂಡಿನ ಸುತ್ತ ಒಮ್ಮೆ ಹಾರಿ, “ಚೆನ್ನಾಗಿದೆ, ಚೆನ್ನಾಗಿದೆ,” ಎನ್ನುತ್ತ ಬೇರೆ ಮರದ ಕಡೆ ಹೊರಟುಹೋಯಿತು. ಒಂದು ಹಕ್ಕಿಯೂ ಒಳಗೆ ಕಾಲಿಡಲಿಲ್ಲ.

ದಣಿದ ಗೀಜಗ ತಾನೇ ಒಳಗೆ ಹೋಗಿ ಕೂತಿತು. ತಾನು ತಂದಿರದ ಒಂದು ಹುಲ್ಲೆಳೆಯನ್ನು ಯಾರೋ ಅಂಚಿಗೆ ಸುತ್ತಿ ಬಿಗಿದಿದ್ದರು. ಅದು ಆಗಲೇ ಒಣಗಿತ್ತು.

“ಇದನ್ನು ಯಾರು ಹೆಣೆದರು?”

“ನೀನು ಹೋದ ದಿನವೇ ಒಬ್ಬಳು ಬಂದಿದ್ದಳು,” ಎಂದಿತು ಓತಿಕ್ಯಾತ. “ಪ್ರತಿ ಗಂಟನ್ನೂ ಕೊಕ್ಕಿನಿಂದ ಎಳೆದು ನೋಡಿದಳು. ಒಪ್ಪಿಗೆಯಾಯಿತು. ಹುಲ್ಲು ತಂದು ಹೆಣೆದು, ಎರಡು ದಿನ ನಿನಗಾಗಿ ಕಾದಳು.”

“ನನ್ನನ್ನು ಕರೆಯಬಾರದಿತ್ತೇ?”

“ಕರೆದಳು. ನೀನು ಕೆರೆಯಾಚೆ ಕಾಣುತ್ತಲೇ ಇದ್ದೆ. ಆದರೆ ನೀನು ಕೂಗುತ್ತಿದ್ದೆ. ನಿನಗೆ ಕೇಳಿಸಲಿಲ್ಲ.”